ಕಡೆಯ ಹತ್ತು ನಿಮಿಷ

ನಮ್ಮ ಅಬ್ಬಾಗೆ ಒಂದು ಚಟವಿದೆ. ಟೀವಿಯಲ್ಲಿ ಯಾವ ಸಿನೆಮಾ ಬರುತ್ತಿರಲಿ, ಅದು ಮುಗಿಯಲು ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಎದ್ದುಬಿಡುತ್ತಾರೆ. ನಾಯಕ ಖಳನನ್ನು ಹಿಡಿದಿರಲಿ ಬಿಟ್ಟಿರಲಿ, ಅಬ್ಬಾ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಮನೆಯ ಮುಂಬಾಗಿಲು ತೆರೆದು, ಅದರ ಪಕ್ಕ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಯಾರೂ ಹೊರಗೆ ಹೋಗುವುದಿಲ್ಲ. ಹೋಗುವವರಾದರೂ ಯಾರಿದ್ದಾರೆ? ನಾನು, ನನ್ನ ಗಂಡ, ಒಂದು ಬೆಕ್ಕು. ಬೆಕ್ಕು ಮಾತ್ರ ಅಬ್ಬಾನ ಮರ್ಯಾದೆ ಉಳಿಸಲೆಂಬಂತೆ ಒಮ್ಮೊಮ್ಮೆ ಹೊರಗೆ ಹೋಗಿ ಬರುತ್ತದೆ.

ಕಾರಣ ದೊಡ್ಡದೇನಲ್ಲ. ಗುಳೇದಗುಡ್ಡದ ಟಾಕೀಸಿನಲ್ಲಿ ಅಬ್ಬಾ ಮೂವತ್ತು ವರ್ಷ ಗೇಟ್ ಕೀಪರ್ ಆಗಿದ್ದರು. ಆಟ ಶುರುವಾಗುವಾಗ ಟಿಕೆಟ್ ಹರಿಯುತ್ತ ಹೊರಗೆ, ಮುಗಿಯುವಾಗ ಗೇಟು ತೆರೆಯಲು ಮತ್ತೆ ಹೊರಗೆ. ಹೀಗಾಗಿ ಅವರಿಗೆ ನೂರಾರು ಸಿನೆಮಾಗಳ ನಡುಭಾಗ ಬಾಯಿಪಾಠ. ಯಾವುದರದೂ ಆರಂಭ ಗೊತ್ತಿಲ್ಲ, ಯಾವುದರದೂ ಕಡೆ ಗೊತ್ತಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇದ್ದಂತಿಲ್ಲ. ಬೇಸರವೆಲ್ಲ ನನ್ನದು. ಆ ಬೇಸರದಿಂದಲೇ ನಾನು ಒಂದು ಕಾದಂಬರಿ ಬರೆದುಬಿಟ್ಟೆ ನೋಡಿ.

ಹೌದು, ಕಾದಂಬರಿ. ಹುನಗುಂದದ ಕೋರ್ಟಿನ ಎದುರು ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಿದೆ. ಮದುವೆ ಕಾರ್ಡು, ಅರ್ಜಿ, ಅಫಿಡವಿಟ್ಟು ಮಾಡಿಕೊಡುವವಳು ಕಾದಂಬರಿ ಬರೆಯುತ್ತಾಳೆಂದರೆ ಜನ ನಗುತ್ತಾರೆ ಎಂದು ಆರು ವರ್ಷ ಯಾರಿಗೂ ಹೇಳಲಿಲ್ಲ. ಗಿರಾಕಿಗಳ ನಡುವಿನ ಬಿಡುವಿನಲ್ಲಿ ಬರೆದೆ. ಕಂಪ್ಯೂಟರಿನಲ್ಲಿ ಅದನ್ನಿಟ್ಟ ಫೋಲ್ಡರಿನ ಹೆಸರು ‘ರದ್ದಾದ ಮದುವೆ ಕಾರ್ಡು’. ಅಂಥದ್ದನ್ನು ಯಾರು ತೆರೆದು ನೋಡುತ್ತಾರೆ ಹೇಳಿ. ಒಮ್ಮೆ ಒಬ್ಬ ಹುಡುಗಿಯ ತಂದೆ ಬಂದು, ರದ್ದಾಗಿದ್ದ ತಮ್ಮ ಸಂಬಂಧ ಮತ್ತೆ ಕೂಡಿದೆ, ಹಳೆಯ ಕಾರ್ಡನ್ನೇ ತೆಗೆದುಕೊಡು ಎಂದಾಗ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ಅವರ ಮುಂದೆಯೇ ಆ ಫೋಲ್ಡರ್ ತೆರೆದರೆ ಮುನ್ನೂರು ಪುಟದ ಗೇಟ್ ಕೀಪರ್!

ಆತನೇ ನನ್ನ ನಾಯಕ. ಹೆಸರು ಬೇರೆ ಇಟ್ಟಿದ್ದೇನೆ, ಊರೂ ಬೇರೆ. ಆದರೆ ಹೆಗಲ ಮೇಲಿನ ಟವೆಲ್ಲನ್ನು ಬದಲಿಸಲು ಮನಸ್ಸಾಗಲಿಲ್ಲ. ಅಬ್ಬಾಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಾದರೆ ಏನೆನ್ನುತ್ತಾರೋ ಎಂಬ ಹೆದರಿಕೆ.

ಹೋದ ತಿಂಗಳು ಧೈರ್ಯ ಮಾಡಿ ಮೊದಲ ಮೂರು ಅಧ್ಯಾಯಗಳನ್ನು ಧಾರವಾಡದ ಒಂದು ಪ್ರಕಾಶನಕ್ಕೆ ಕಳಿಸಿದೆ. ನಾಲ್ಕೇ ದಿನಕ್ಕೆ ಅಲ್ಲಿಯ ಸಂಪಾದಕಿಯಿಂದ ಉತ್ತರ. ಓದಿದ್ದಾರಂತೆ, ಮುಂದಿನ ಮಾತಿಗೆ ಒಂದು ಪುಟದ ಸಿನಾಪ್ಸಿಸ್, ಅಂದರೆ ಕಥೆಯ ಸಾರಾಂಶ, ಬೇಕಂತೆ. ಎದುರಿಗಿದ್ದ ಗಿರಾಕಿಗೆ ಎರಡು ಪ್ರತಿ ಬೇಕಾದಲ್ಲಿ ಇಪ್ಪತ್ತು ಪ್ರತಿ ತೆಗೆದೆ. ಖುಷಿ ಅಂದರೆ ಅಷ್ಟು ಖುಷಿ!

ಒಂದು ಪುಟ ತಾನೇ? ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಅದೇ ನನ್ನ ದಂಧೆಯಲ್ಲವೇ. ಕೋರ್ಟಿಗೆ ಬಂದವರು ನನ್ನ ಮುಂದಿನ ಸ್ಟೂಲಿನ ಮೇಲೆ ಕೂತು ತಮ್ಮ ಅಜ್ಜನ ಮದುವೆಯಿಂದ ಕಥೆ ಶುರು ಮಾಡುತ್ತಾರೆ. ನಾನು ತಡೆದು, ಕಡೆಗೆ ನಿಮಗೇನು ಆಗಬೇಕು ಅದನ್ನು ಹೇಳಿ ಯಜಮಾನರೇ ಎನ್ನುತ್ತೇನೆ. ಬದುವಿನ ಕಲ್ಲು ಮೊದಲಿನ ಜಾಗಕ್ಕೆ ಬರಬೇಕು ಎನ್ನುತ್ತಾರೆ. ಮುಗಿಯಿತು, ಮೂರು ತಲೆಮಾರಿನ ಜಗಳ ಒಂದು ಹಾಳೆಯ ಒಂದೇ ಮಗ್ಗುಲಿಗೆ ಕೂತುಬಿಡುತ್ತದೆ. ಪಿಎಚ್‌ಡಿ ಮಾಡುವ ಹುಡುಗರ ಸಿನಾಪ್ಸಿಸ್ಸುಗಳನ್ನೂ ಬೇಕಾದಷ್ಟು ಟೈಪ್ ಮಾಡಿದ್ದೇನೆ. ಇಷ್ಟೆಲ್ಲ ಇದ್ದವಳು ನನ್ನದೇ ಪುಟ ಬರೆಯಲು ಕೂತರೆ ಬಂದದ್ದೇನು? ‘ಉದ್ದೇಶ ಮತ್ತು ವ್ಯಾಪ್ತಿ’ ಎಂದು ಬಂತು. ಅಳಿಸಿದೆ. ‘ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬಂತು. ಅಳಿಸಿದೆ. ಬೆರಳುಗಳಿಗೆ ತಮ್ಮದೇ ಅಭ್ಯಾಸ ಇರುತ್ತದೆ, ಏನು ಮಾಡುವುದು.

ಮೂರು ದಿನ ಒದ್ದಾಡಿ ಒಂದು ಪುಟ ಬರೆದು ಕಳಿಸಿದೆ. ಚೆನ್ನಾಗಿಯೇ ಇತ್ತು ಎಂದುಕೊಂಡಿದ್ದೆ. ಅದರ ಕಡೆಯ ಸಾಲು ಹೀಗಿತ್ತು: ‘ಟಾಕೀಸಿನ ಕಡೆಯ ಆಟದ ದಿನ ಗೇಟ್ ಕೀಪರ್ ಏನು ಮಾಡಿದ? ಉಳಿದದ್ದನ್ನು ಕಾದಂಬರಿಯಲ್ಲಿ ಓದಿ ಆನಂದಿಸಿರಿ.’

ನಗಬೇಡಿ. ನಾನು ಅಕ್ಷರ ಕಲಿತದ್ದೇ ಟಾಕೀಸಿನ ಹಾಡಿನ ಪುಸ್ತಕಗಳಲ್ಲಿ. ಆಟಕ್ಕೆ ಮೊದಲು ಮಾರುತ್ತಿದ್ದ, ನಾಲ್ಕೆಂಟು ಹಾಳೆಯ, ಗುಲಾಬಿ ಬಣ್ಣದ ಪುಸ್ತಕಗಳು ಅವು. ಮೊದಲು ಕಥಾ ಸಾರಾಂಶ, ಆಮೇಲೆ ಹಾಡುಗಳು. ಸಾರಾಂಶ ನಾಯಕಿಯನ್ನು ಬಾವಿಯ ದಂಡೆಯವರೆಗೆ ತಂದು ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಕೈ ತೊಳೆದುಕೊಳ್ಳುತ್ತಿತ್ತು. ಸಾರಾಂಶ ಎಂದರೆ ಹಾಗೆಯೇ ಮುಗಿಯಬೇಕು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಸಂಪಾದಕಿ ಫೋನ್ ಮಾಡಿದರು. ಮೆತ್ತಗಿನ ದನಿ, ಆದರೆ ಮಾತು ನೇರ.

“ಮಾಬೂಬಿ ಅವರs, ಕಡೀಕ ಏನಾಗ್ತದ ಅನ್ನೂದ ಇದರಾಗಿಲ್ಲಲ್ರಿ. ನಾವು ಟಿಕೇಟ್ ತಗೊಂಡ ಬಂದ ಮಂದಿ ಅಲ್ಲ. ನಮ್ಮ ಮುಂದ ಮುಚ್ಚಿಟ್ರ ಹೆಂಗ?”

ಶನಿವಾರ ಸಂಜೆ ಅವರ ಸಮಿತಿ ಕೂಡುವುದಿತ್ತು. ಅಷ್ಟರೊಳಗೆ ಕಡೆಯನ್ನೂ ಸೇರಿಸಿ ಪುಟವನ್ನು ಮತ್ತೆ ಕಳಿಸಬೇಕು, ಇಲ್ಲದಿದ್ದರೆ ಈ ವರ್ಷಕ್ಕೆ ಇಲ್ಲ ಎಂದರು. ಅವತ್ತು ಬುಧವಾರ.

ಬರೆದರಾಯಿತಲ್ಲ ಎನ್ನುತ್ತೀರಿ. ಬರೆಯಲು ಕೈ ಬರಲಿಲ್ಲ. ಮುನ್ನೂರು ಪುಟದ ಕೊನೆಯಲ್ಲಿ ಬಂದರೆ ನಂಬಬಹುದಾದ ಕಡೆ, ಒಂದೇ ಸಾಲಿನಲ್ಲಿ ಬರೆದರೆ ಪೆದ್ದುಪೆದ್ದಾಗಿ ಕಾಣುತ್ತಿತ್ತು. ನನ್ನ ಕಾದಂಬರಿಯ ಕಡೆ ಇಷ್ಟೇ: ಟಾಕೀಸು ಮುಚ್ಚುವ ದಿನ, ಕಡೆಯ ಆಟದಲ್ಲಿ, ಆ ಗೇಟ್ ಕೀಪರ್ ಮೊದಲ ಬಾರಿಗೆ ಒಳಗೆ ಹೋಗಿ ಕೂತು ಕಡೆಯ ಹತ್ತು ನಿಮಿಷ ನೋಡುತ್ತಾನೆ. ನೋಡುತ್ತ ನೋಡುತ್ತ ಗೇಟು ತೆರೆಯುವುದನ್ನೇ ಮರೆಯುತ್ತಾನೆ. ಇಷ್ಟೇ. ಇದಕ್ಕಾಗಿ ಯಾರಾದರೂ ಮುನ್ನೂರು ಪುಟ ಓದುತ್ತಾರೆಯೇ? ಮೇಲಾಗಿ ಇದು ಸುಳ್ಳು. ನಿಜದಲ್ಲಿ ಟಾಕೀಸು ಮುಚ್ಚಿದ ದಿನವೂ ಅಬ್ಬಾ ಹೊರಗೇ ನಿಂತಿದ್ದರು, ಗೇಟು ತೆರೆದರು, ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟು ಮನೆಗೆ ಬಂದು ಊಟ ಮಾಡಿದರು. ಈಗ ಆ ಜಾಗದಲ್ಲಿ ಮಂಗಲ ಕಾರ್ಯಾಲಯವಿದೆ, ಅಬ್ಬಾ ಹುನಗುಂದದಲ್ಲಿ ನಮ್ಮ ಜೊತೆಗಿದ್ದಾರೆ.

ಸುಳ್ಳು ಎಂದೆನಲ್ಲ, ಅಲ್ಲಿಯೇ ಇರುವುದು ನನ್ನ ಮುಳ್ಳು. ಕಡೆಯ ವಿಷಯದಲ್ಲಿ ನಾನು ಹಳೆಯ ಅಪರಾಧಿ.

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ. ಖಣ ನೇಯುವವರು. ಖಣವೆಂದರೆ ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಇಳಕಲ್ ಸೀರೆಯ ಮೇಲೆ ಕುಪ್ಪಸಕ್ಕೆ ಅದೇ ಆಗಬೇಕು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆಳಗಿನಿಂದ ಸಂಜೆಯವರೆಗೆ ಹೆಂಗಸರಿಗೆ ಏಳಲು ಬಿಡುವಿಲ್ಲ. ಸಿನೆಮಾದ ಹುಚ್ಚು ಮಾತ್ರ ವಿಪರೀತ. ಅದಕ್ಕೆ ಅವರು ಕಂಡುಕೊಂಡ ಉಪಾಯವೇ ನಾನು. ಗೇಟ್ ಕೀಪರನ ಮಗಳನ್ನು ಟಾಕೀಸಿನಲ್ಲಿ ಯಾರು ತಡೆಯುತ್ತಾರೆ? ರವಿವಾರ ಮ್ಯಾಟಿನಿಗೆ ಹೋಗುವುದು, ಗೇಟಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಇಡೀ ಸಿನೆಮಾ ನೋಡುವುದು, ಬಂದು, ಓಣಿಯ ಮಕ್ಕಳಿಗೆಲ್ಲ ಚಿಕ್ಕಮ್ಮನಂತಿದ್ದ ನೀಲವ್ವ ಕಾಕುವಿನ ಮನೆಯ ಹೊಸ್ತಿಲ ಮೇಲೆ ನಿಂತು ಕಥೆ ಹೇಳುವುದು. ಮಗ್ಗಗಳ ಸದ್ದಿನಲ್ಲಿ ಅಕ್ಕಪಕ್ಕದ ಮನೆಯವರಿಗೂ ಕೇಳುವಂತೆ ಒದರಬೇಕು. ಹೀಗಾಗಿ ನನ್ನ ವಾಕ್ಯಗಳು ಆಗಲೇ ಗಿಡ್ಡವಾದವು. ಮೂರನೆಯ ಇಯತ್ತೆಯಲ್ಲಿದ್ದವಳಿಗೆ ಆ ಓಣಿಯಲ್ಲಿ ಎಂಥ ದರ್ಬಾರು ಎನ್ನುತ್ತೀರಿ! ಕಥೆ ಹೇಳುವ ದಿನ ನನಗೆ ಚುರುಮುರಿ, ಬೆಲ್ಲ, ಒಮ್ಮೊಮ್ಮೆ ಶೇಂಗಾ ಹೋಳಿಗೆ.

ಆದರೆ ಕಾಕುವಿನದೊಂದು ಕಾಯಿದೆ ಇತ್ತು. ಕಡೆಗೆ ಏನಾಯಿತು ಎಂಬುದನ್ನು ಮೊದಲು ಹೇಳಬೇಕು. ಉಳಿಯುತ್ತಾಳೋ ಸಾಯುತ್ತಾಳೋ ಎಂಬ ಕಳವಳದಲ್ಲಿ ಕೈ ತಪ್ಪುತ್ತದೆ, ಲಾಳಿ ತಪ್ಪುತ್ತದೆ, ಎಳೆ ಹರಿಯುತ್ತದೆ. ಕಡೆ ಗೊತ್ತಾದರೆ ಜೀವಕ್ಕೆ ಸಮಾಧಾನ, ಕಥೆಯನ್ನು ಆಮೇಲೆ ಸಾವಕಾಶ ಕೇಳಬಹುದು. ಹೀಗೆ ನಾನು ಯಾವಾಗಲೂ ಕಡೆಯಿಂದ ಶುರು ಮಾಡುತ್ತಿದ್ದೆ.

ಒಂದು ರವಿವಾರದ ಸಿನೆಮಾದಲ್ಲಿ ಒಬ್ಬ ಲಾರಿ ಡ್ರೈವರು, ಅವನಿಗೊಬ್ಬಳು ತಂಗಿ. ತಂಗಿಗೆ ದೊಡ್ಡ ಬೇನೆ. ಅಣ್ಣ ಮಾಡದ ತಪ್ಪಿಗೆ ಜೇಲಿಗೆ ಹೋಗಿದ್ದಾನೆ, ಇತ್ತ ತಂಗಿಗೆ ಔಷಧ ತರುವವರಿಲ್ಲ. ಅಲ್ಲಿಗೆ ಪರದೆ ಬೆಳ್ಳಗಾಯಿತು. ಆಗ ಒಂದೇ ಪ್ರತಿಯನ್ನು ಎರಡೂರಲ್ಲಿ ಓಡಿಸುವ ಪದ್ಧತಿ. ಬಾದಾಮಿಯಲ್ಲಿ ಮುಗಿದ ರೀಲುಗಳ ಡಬ್ಬಿ ಬಸ್ಸಿನಲ್ಲಿ ನಮ್ಮೂರಿಗೆ ಬರಬೇಕು. ಅವತ್ತು ಬಸ್ಸು ಎಲ್ಲಿಯೋ ಕೆಟ್ಟು ನಿಂತು ಕಡೆಯ ಡಬ್ಬಿ ಹೊತ್ತಿಗೆ ಬರಲಿಲ್ಲ. ಜನ ಸಿಳ್ಳೆ ಹೊಡೆದು, ಬೈದು, ಬೀಡಿ ಸೇದಿ ಕಾದರು. ಒಳಗೆ ಬೇಸಿಗೆಯ ಧಗೆ. ನಾನು ಕುರ್ಚಿಯಲ್ಲಿ ಒರಗಿದೆ. ಕಣ್ಣು ಬಿಟ್ಟಾಗ ಡಬ್ಬಿ ಬಂದು, ಆಟವೂ ಮುಗಿದು, ಗೇಟು ತೆರೆದಿತ್ತು, ಜನ ಹೊರಗೆ ಹೋಗುತ್ತಿದ್ದರು. ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದರು, ಅದು ಅಳುವೋ ಬೆವರೋ ತಿಳಿಯಲಿಲ್ಲ. ಓಡಿಹೋಗಿ ಅಬ್ಬಾಗೆ ಕೇಳಿದೆ, ತಂಗಿ ಉಳಿದಳಾ ಅಂತ. ನಾನು ಹೊರಗಿದ್ದೆನಲ್ಲ ಬೇಟಾ ಎಂದರು.

ಟಾಕೀಸಿನಿಂದ ಓಣಿಯವರೆಗೆ ನಡೆದದ್ದು ನನಗಿನ್ನೂ ನೆನಪಿದೆ. ಹೊಸ್ತಿಲ ಮೇಲೆ ನಿಂತೆ. ಕಾಕು ಲಾಳಿ ಬಿಡದೆ, ಕಡೀಕ ಏನಾತು ಎಂದು ಕೇಳಿದಳು. ತಂಗಿ ಉಳಿಯುತ್ತಾಳೆ ಎಂದುಬಿಟ್ಟೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ. ಕಥೆ ಹೇಳುತ್ತ ಹೇಳುತ್ತ ಆ ಜಾಗಕ್ಕೆ ಬಂದಾಗ, ಜೇಲರ್ ಸಾಹೇಬರೇ ಸೈಕಲ್ ಏರಿ, ಬೇಡಿ ಹಾಕಿದ ಅಣ್ಣನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಔಷಧದ ಬಾಟಲಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದರು. ಎಲ್ಲಿಂದ ಬಂದರೋ ಅಲ್ಲಾಹನೇ ಬಲ್ಲ.

ಕಾಕುವಿನ ಮಗ್ಗ ನಿಂತಿತು. ಗೋಡೆಯಾಚೆಯ ಮಗ್ಗ ನಿಂತಿತು. ಅದರಾಚೆಯದೂ ನಿಂತಿತು. ನಮ್ಮ ಓಣಿ ಅಷ್ಟು ಸುಮ್ಮನಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಯಾರೋ ಸುರ್ರೆಂದು ಮೂಗೆಳೆದುಕೊಂಡರು, ಮಗ್ಗಗಳು ಮತ್ತೆ ಶುರುವಾದವು. ನನಗೆ ಎರಡು ಹೋಳಿಗೆ ಸಿಕ್ಕವು.

ಆ ಖುಷಿಯನ್ನು ಏನೆಂದು ಹೇಳಲಿ, ಮೈಯೆಲ್ಲ ಝುಮ್ಮೆಂದಿತ್ತು. ಹಿಂದೆಯೇ ಹೆದರಿಕೆ. ಎಷ್ಟೋ ವರ್ಷಗಳ ಮೇಲೆ ಅದೇ ಸಿನೆಮಾ ಟೀವಿಯಲ್ಲಿ ಬಂತು. ತಂಗಿ ಸಾಯುತ್ತಾಳೆ. ಅಣ್ಣನ ತೊಡೆಯ ಮೇಲೆಯೇ ಸಾಯುತ್ತಾಳೆ. ಆಗ ನಾನು ಮದುವೆಯಾಗಿ ಹುನಗುಂದಕ್ಕೆ ಬಂದಿದ್ದೆ. ಕಾಕುವಿನ ಮನೆಯಲ್ಲೂ ಟೀವಿ ಇದೆ, ಅವಳೂ ನೋಡಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನಂಬಿದವರಿಗೆ ಮೋಸ ಮಾಡಿದೆ ಎಂಬುದು ಒಳಗೇ ಉಳಿಯಿತು. ಬರೆಯಲು ಕೂತಾಗಲೆಲ್ಲ ಕಡೆಯ ಹತ್ತಿರ ಬಂದಕೂಡಲೇ ಅದು ಎದ್ದು ನಿಲ್ಲುತ್ತಿತ್ತು: ನೋಡದ್ದನ್ನು ಹೇಳುವವಳು ನೀನು, ನಿನ್ನ ಮಾತನ್ನು ಯಾರು ನಂಬಬೇಕು?

ಗುರುವಾರ ಅಂಗಡಿಯ ಷಟರ್ ಎಳೆದು ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಕಾಕುವಿಗೆಂದು ಕರದಂಟು ಕೊಂಡೆ. ಅವಳಿಗೆ ಹಲ್ಲಿಲ್ಲ ಎಂಬುದು ನೆನಪಾದದ್ದು ಬಸ್ಸು ಬಿಟ್ಟ ಮೇಲೆ. ಯಾಕೆ ಹೊರಟಿದ್ದೇನೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಕಾದಂಬರಿಯ ಕಡೆಯನ್ನು ಒಬ್ಬರ ಮುಂದಾದರೂ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಿದರೆ ಆ ಹೊಸ್ತಿಲ ಮೇಲೆಯೇ ಹೇಳಬೇಕು ಅನಿಸಿತ್ತು, ಅಷ್ಟೇ.

ಕಾಕು ಮಗ್ಗದಲ್ಲೇ ಇದ್ದಳು. ಎಪ್ಪತ್ತು ದಾಟಿದೆ. ಸೊಸೆ ಬೇಡವೆಂದರೂ ದಿನಕ್ಕೆರಡು ತಾಸು ಕೂರುತ್ತಾಳಂತೆ. ಕರದಂಟನ್ನು ತಿರುಗಿಸಿ ಮುರುಗಿಸಿ ನೋಡಿ, ಸೊಸೆಗೆ ಕೊಟ್ಟು ಕುಟ್ಟಿ ತರಲು ಹೇಳಿದಳು. ನಾನು ಹೊಸ್ತಿಲ ಮೇಲೆ ಕೂತು, ಒಂದು ಕಥೆ ಬರೆದಿದ್ದೇನೆ ಕಾಕು ಎಂದೆ.

“ಕಡೀಕ ಏನಾತು, ಮದ್ಲ ಅದನ್ನ ಹೇಳು,” ಎಂದಳು. ದನಿ ತಗ್ಗಿದೆ, ಕಾಯಿದೆ ಮಾತ್ರ ಅದೇ.

ಹೇಳಿದೆ. ಗೇಟ್ ಕೀಪರ್ ಒಳಗೆ ಹೋಗಿ ಕೂರುತ್ತಾನೆ, ಗೇಟು ತೆರೆಯುವುದನ್ನು ಮರೆಯುತ್ತಾನೆ ಎಂದೆ. ಮಗ್ಗ ಟಕ್ ಟಕ್ ಎನ್ನುತ್ತಲೇ ಇತ್ತು. ಆದರೂ ಬಿಡದೆ ಮೊದಲಿನಿಂದ ಇಡೀ ಕಥೆ ಹೇಳಿದೆ. ಅಳುಕಿನಿಂದ ಶುರು ಮಾಡಿದವಳು ಹೇಳುತ್ತ ಹೇಳುತ್ತ ಆ ಹಳೆಯ ಗಟ್ಟಿ ದನಿಗೆ ಏರಿದೆ. ಮಗ್ಗ ಒಂದು ಕ್ಷಣವೂ ನಿಲ್ಲಲಿಲ್ಲ. ಮುಗಿಸಿದ ಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ, ಕಥೆ ಮನಸ್ಸಿಗೆ ಬರಲಿಲ್ಲವೇ, ಮಗ್ಗ ನಿಲ್ಲಲೇ ಇಲ್ಲವಲ್ಲ ಎಂದು.

“ನಿಲ್ಲಿಸಿದ್ರ ಮೊಣಕಾಲ ಹಿಡಕೊಂತಾವವ್ವಾ ಈಗ. ಮತ್ತ ಚಾಲೂ ಮಾಡೂದು ಭಾಳ ತ್ರಾಸ.” ಎರಡು ಸಲ ಲಾಳಿ ಆಡಿಸಿ, “ಅಂವ ನಿಮ್ಮಪ್ಪ ಹೌದಲ್ಲೋ?” ಎಂದಳು.

ಹೌದೆಂದೆ. ಆದರೆ ಕಡೆ ಸುಳ್ಳು, ಅಬ್ಬಾ ಎಂದೂ ಕಡೆಯವರೆಗೆ ಒಳಗೆ ಕೂತವರಲ್ಲ ಎಂದೆ. ಸುಳ್ಳು ಎಂಬ ಮಾತು ಬಾಯಿಗೆ ಬಂದದ್ದೇ ತಡ, ಆ ಹಳೆಯದೂ ಹೊರಗೆ ಬಂದಿತು. ಲಾರಿ ಡ್ರೈವರನ ಸಿನೆಮಾದ ದಿನ ನಾನು ಕಡೆಯನ್ನು ನೋಡಿರಲಿಲ್ಲ ಕಾಕು, ಮಲಗಿಬಿಟ್ಟಿದ್ದೆ, ಎಲ್ಲ ನಾನೇ ಹುಟ್ಟಿಸಿ ಹೇಳಿದ್ದು ಎಂದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಇಷ್ಟು ವಯಸ್ಸಾದವಳಿಗೆ ನಾಚಿಕೆಯಾಗಬೇಕು.

ಕಾಕು ನಕ್ಕಳು. ಬೊಚ್ಚು ಬಾಯಿ ತುಂಬ ನಕ್ಕಳು.

“ನನಗ ಅವತ್ತs ಗೊತ್ತಿತ್ತು. ನೀ ಇಲ್ಲಿ ಬಂದು ನಿಂತಾಗ ನಿನ್ನ ಗಲ್ಲದ ಮ್ಯಾಲ ಬೆತ್ತದ ಕುರ್ಚಿ ಅಚ್ಚ ಒತ್ತಿತ್ತಲ್ಲ, ಥೇಟ್ ಖಣದ ಚೌಕಡಿ ಇದ್ದಂಗ. ಮಕ್ಕೊಂಡ ಎದ್ದ ಬಂದಾಳಂತ ನೋಡಿದ್ರs ತಿಳೀತಿತ್ತು. ಬಾಜೂ ಮನಿಯವ್ರಿಗೂ ಹೇಳೇನಿ ಆಮ್ಯಾಲ.”

ಗೊತ್ತಿದ್ದೂ ಯಾಕೆ ಕೇಳಿದೆ ಎಂದೆ.

“ಈಗ ಏನ ಹೇಳ್ತಾಳೋ ನೋಡೂಣಂತ. ಜೇಲರನ್ನ ಸೈಕಲ್ ಮ್ಯಾಲ ತಂದ್ಯಲ್ಲ, ಅದಕ್ಕ ಕೈ ನಿಂತ್ವು. ಸಿನೆಮಾದವ್ರಿಗೆ ಅಕಿನ್ನ ಉಳಸಾಕ ಬರಲಿಲ್ಲ. ನಿನಗ ಬಂತು.”

ಅಯ್ಯೋ, ಅವತ್ತು ಆ ಓಣಿಯಲ್ಲಿ ನಿಂತ ಮಗ್ಗಗಳಲ್ಲಿ ಕಾಕುವಿನದಂತೂ ಆ ಸಿನೆಮಾಕ್ಕೆ ನಿಂತದ್ದಲ್ಲ, ನನಗೆ ನಿಂತದ್ದು. ಇಷ್ಟು ವರ್ಷ ನಾನು ಅದನ್ನು ಕಳ್ಳತನವೆಂದು ಬಚ್ಚಿಟ್ಟುಕೊಂಡು ಕೂತಿದ್ದೆ! ವಾಪಸ್ಸು ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಪುಟ ಶುಕ್ರವಾರ ಒಂದೇ ಏಟಿಗೆ ಬಂತು. ಮೊದಲ ಸಾಲೇ ಕಡೆ: ‘ಕೊನೆಗೆ ಅವನು ಒಳಗೆ ಹೋಗಿ ಕೂರುತ್ತಾನೆ, ಗೇಟು ತೆರೆಯುವುದನ್ನು ಮರೆಯುತ್ತಾನೆ.’ ಆಮೇಲೆ ಮೊದಲಿನಿಂದ ಎಲ್ಲ ಕಥೆ. ಒಂದು ಹಾಳೆ, ಒಂದೇ ಮಗ್ಗುಲು.

ಅನುಮಾನ ಅಷ್ಟಕ್ಕೇ ಬಿಡುತ್ತದೆಯೇ? ಶನಿವಾರ ಬೆಳಿಗ್ಗೆ ಮತ್ತೆ ಬಂದು ಸ್ಟೂಲಿನ ಮೇಲೆ ಕೂತಿತು. ಕಾಕು ಒಪ್ಪಿದಳು ಸರಿ, ಯಾರ ಕಥೆಯೋ ಅವರನ್ನು ಕೇಳಿದೆಯಾ ಎಂದಿತು. ಅದರ ಮಾತು ಈ ಒಂದು ಸಲ ಸರಿಯಾಗಿತ್ತು. ಮಧ್ಯಾಹ್ನ ಊಟಕ್ಕೆ ಹೋದಾಗ ಪುಟದ ಪ್ರಿಂಟು ತೆಗೆದುಕೊಂಡು ಹೋದೆ. ಟೀವಿ ಆರಿಸಿ, ಅಬ್ಬಾನ ಎದುರು ಕೂತು, ಒಂದು ಕಥೆ ಓದುತ್ತೇನೆ ಕೇಳಿ ಎಂದೆ.

ಮೊದಲ ಸಾಲು ಓದಿದೆ. ಅಬ್ಬಾ ಏಳಲಿಲ್ಲ. ಏಳುವುದು ಹೇಗೆ, ಕಡೆ ಇಷ್ಟು ಮೊದಲೇ ಬರುತ್ತದೆಂದು ಅವರಿಗೇನು ಗೊತ್ತು? ಕೂತಲ್ಲಿಯೇ ಸಿಕ್ಕಿಬಿದ್ದಿದ್ದರು. ಪುಟ ಮುಗಿಯುವವರೆಗೂ ಟವೆಲ್ಲನ್ನು ತೊಡೆಯ ಮೇಲೆ ಹಿಡಿದುಕೊಂಡು ಕೇಳಿದರು. ಮನೆಯಲ್ಲಿ ನಮ್ಮದು ಉರ್ದು ಮಾತು. ಸಿನೆಮಾ ವಿಷಯ ಬಂದರೆ ಮಾತ್ರ ಅಬ್ಬಾ ಕನ್ನಡಕ್ಕೆ ಹೊರಳುತ್ತಾರೆ, ಮೂವತ್ತು ವರ್ಷ ಗೇಟಿನಲ್ಲಿ ಆಡಿದ ಮಾತು ಅದು.

“ಮಂದಿ ಎಷ್ಟಿದ್ರು ಒಳಗ?” ಎಂದು ಕೇಳಿದರು.

ಹೌಸ್‌ಫುಲ್ ಎಂದೆ.

“ಹಂಗಾರ ಗೇಟ್ ಯಾರ ತಗದ್ರು?”

ಮುನ್ನೂರು ಪುಟ ಬರೆದವಳಿಗೆ ಅದು ಹೊಳೆದೇ ಇರಲಿಲ್ಲ. ಬರೆದಿಲ್ಲ ಅಬ್ಬಾ ಎಂದೆ. ಅವರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು. ಆಮೇಲೆ ನಿಧಾನವಾಗಿ ಎದ್ದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಮುಂಬಾಗಿಲು ತೆರೆದು, ಗೋಡೆಗೆ ಅಂಟಿಕೊಂಡು ನಿಂತರು.

“ನಾ ತಗೀತೇನಿ. ಅಂವ ಕುಂದರ್ಲಿ. ಪೂರಾ ನೋಡ್ಲಿ.”

ಬೆಕ್ಕು ಎದ್ದು ಹೊರಗೆ ಹೋಯಿತು. ನಾನು ಪುಟ ಕಳಿಸಿದೆ.